ಕೆಸರು ಮೆತ್ತಿದ ಕೋಟಿಗೆ ಎಷ್ಟು ಮಾರ್ಕು?

ಯುದ್ಧ ಸೋತವರನ್ನು ಸೇರಿಸಬಾರದು ಎಂದು ನಿಯಮ ಮಾಡಿಕೊಂಡು ಅಮೆರಿಕದ ಮಹಾ ಜನರಲ್‌ಗಳ ಪಟ್ಟಿ ಬರೆಯಲು ಕೂತರೆ ಮೊದಲು ಹೊಡೆದುಹಾಕಬೇಕಾದ ಹೆಸರು ಜಾರ್ಜ್ ವಾಷಿಂಗ್ಟನ್ನನದು. "ಅದೆಲ್ಲ ಆಗಲ್ಲ ಬಿಡಯ್ಯಾ, ರಾಜಧಾನಿಗೇ ಅವನ ಹೆಸರಿಟ್ಟಿದ್ದಾರೆ, ಅವನನ್ನ ಹೊರಗೆ ಹಾಕೋಕಾಗುತ್ತಾ?" ಎಂದರು ನಮ್ಮ ಭಾವ. ನಿಯಮ ಅಲ್ಲಿಗೇ ಸತ್ತಿತು.

ಭಾವ ಇರುವುದು ವರ್ಜೀನಿಯಾದಲ್ಲಿ. ಆ ರಾಜ್ಯದಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೂ ಅದು ಹೋಗಿ ಯಾವುದಾದರೊಂದು ರಣರಂಗದಲ್ಲೇ ಬೀಳುತ್ತದೆ. ಮನಾಸಸ್, ಫ್ರೆಡರಿಕ್ಸ್‌ಬರ್ಗ್, ಚಾನ್ಸೆಲರ್ಸ್‌ವಿಲ್, ಪೀಟರ್ಸ್‌ಬರ್ಗ್. ನಮ್ಮೂರ ಕಡೆಯಿಂದ ಯಾರೇ ಹೋಗಲಿ, ಶನಿವಾರ ದೇವಸ್ಥಾನ, ಭಾನುವಾರ ಫಿರಂಗಿ. ಅಲ್ಲಿದ್ದೂ ಅಲ್ಲಿದ್ದೂ ಸಾಫ್ಟ್‌ವೇರಿನ ಭಾವ ಈಗ ಅರ್ಧ ಮಿಲಿಟರಿಯವರಾಗಿದ್ದಾರೆ. ಫೋನಿನಲ್ಲಿ ಅಕ್ಕ ಊಟಕ್ಕೆ ಕರೆಯುವ ದನಿ ನನಗೆ ಕೇಳುತ್ತಿರುತ್ತದೆ, ಅವರಿಗೆ ಕೇಳುವುದಿಲ್ಲ. ಅವರು ಗೆಟ್ಟಿಸ್‌ಬರ್ಗಿನ ಎಡಪಾರ್ಶ್ವವನ್ನು ಕಾಯುತ್ತಿರುತ್ತಾರೆ.

ಅವರ ಪಟ್ಟಿಯಲ್ಲಿ ಮೊದಲನೆಯವನು ಜಾರ್ಜ್ ಪ್ಯಾಟನ್. ಎರಡನೆಯವನು ಡಗ್ಲಸ್ ಮೆಕಾರ್ಥರ್. ಮೂರನೆಯವನು ರಾಬರ್ಟ್ ಲೀ. ನಾಲ್ಕನೆಯ ಸ್ಥಾನ ಮರ್ಯಾದೆಗೆಂದು ವಾಷಿಂಗ್ಟನ್ನನಿಗೆ. ಯುಲಿಸಿಸ್ ಗ್ರ್ಯಾಂಟ್ ಎಲ್ಲಪ್ಪಾ ಎಂದು ಹುಡುಕಿದರೆ ಆರನೆಯವನು, ಐಸೆನ್‌ಹೋವರನ ಬೆನ್ನಹಿಂದೆ. ಜಾರ್ಜ್ ಮಾರ್ಷಲ್ ಪಟ್ಟಿಯಲ್ಲೇ ಇಲ್ಲ. "ಅವನು ಆಫೀಸಿನವನಲ್ಲವೇನಯ್ಯಾ!" ಎನ್ನುತ್ತಾರೆ. ಪಟ್ಟಿ ಓದಿದ ಕೂಡಲೇ ನನಗೆ ಅನುಮಾನ ಬಂತು. ಇಲ್ಲಿ ಮಾರ್ಕು ಬಿದ್ದಿರುವುದು ಸೇನಾಪತಿಗಳಿಗಲ್ಲ, ಅವರ ದರ್ಜಿಗಳಿಗೆ. ಯಾರ ಅಂಗಿ ಚೆಂದಾಗಿ ಹೊಲಿದಿತ್ತೋ ಅವರೆಲ್ಲ ಮೇಲೆ, ಯಾರ ಗುಂಡಿ ಕಿತ್ತುಹೋಗಿತ್ತೋ ಅವರೆಲ್ಲ ಕೆಳಗೆ.

ನನ್ನ ಸಿದ್ಧಾಂತ ಹುಟ್ಟಿದ್ದು ಆಗ: ಜನರಲ್ಲನ ದಿರಿಸು ಎಷ್ಟು ಜೋರೋ ಅವನ ಗೆಲುವಿನ ಮೇಲೆ ಅಷ್ಟು ಅನುಮಾನಪಡಬೇಕು. ನೋಡಿದರೆ ಕಿರಾಣಿ ಅಂಗಡಿಯವನೋ ತಾಲ್ಲೂಕು ಕಚೇರಿಯ ಗುಮಾಸ್ತನೋ ಅನ್ನಿಸುವಂಥವನು ಸಿಕ್ಕಿದರೆ ಕಣ್ಣುಮುಚ್ಚಿ ಮೇಲೆ ಹಾಕಬೇಕು.

"ಹಾಗಾದರೆ ವಾಷಿಂಗ್ಟನ್?" ಎಂದರು ಭಾವ, ಮೊದಲ ಏಟಿಗೇ.

ಸಂಕಟವೇ. 1775ರಲ್ಲಿ ಫಿಲಡೆಲ್ಫಿಯಾದ ಕಾಂಗ್ರೆಸ್ಸಿಗೆ ಉಳಿದವರೆಲ್ಲ ಮಾಮೂಲಿ ಕೋಟು ಹಾಕಿಕೊಂಡು ಬಂದರೆ ಈ ಮಹಾಶಯ ಮಿಲಿಟರಿ ಯೂನಿಫಾರ್ಮಿನಲ್ಲಿ ಬಂದು ಕೂತಿದ್ದ. ನನಗೆ ಸೇನಾಪತಿ ಪದವಿ ಬೇಕು ಎಂದು ಬಾಯಿಬಿಟ್ಟು ಕೇಳಲಿಲ್ಲ, ಅಂಗಿಯಿಂದ ಕೇಳಿದ. ಕೊಟ್ಟರು. ಮರುವರ್ಷ ಆಗಸ್ಟಿನಲ್ಲಿ ಲಾಂಗ್ ಐಲೆಂಡಿನಲ್ಲಿ ಸೋತ. 1777ರಲ್ಲಿ ಬ್ರಾಂಡಿವೈನಿನಲ್ಲಿ ಸೋತ, ಮುಂದಿನ ತಿಂಗಳೇ ಜರ್ಮನ್‌ಟೌನಿನಲ್ಲೂ ಸೋತ. ಆದರೆ ಸೋತ ಮೇಲೆ ಓಡುವ ಕಲೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಲಾಂಗ್ ಐಲೆಂಡಿನಿಂದ ಸುಮಾರು ಒಂಬತ್ತು ಸಾವಿರ ಜನರನ್ನು ಒಂದೇ ರಾತ್ರಿ ದೋಣಿಗಳಲ್ಲಿ ಹೊಳೆ ದಾಟಿಸಿದ. ಬೆಳಗಿನ ಮಂಜು ಕರಗಿ ಬ್ರಿಟಿಷರು ನೋಡುವಷ್ಟರಲ್ಲಿ ಅಲ್ಲಿ ನರಪಿಳ್ಳೆಯಿಲ್ಲ. 1776ರ ಡಿಸೆಂಬರ್ 25ರ ರಾತ್ರಿ ಡೆಲವೇರ್ ನದಿ ದಾಟಿ, ಮಾರನೆಯ ಬೆಳಗ್ಗೆ ಟ್ರೆಂಟನ್ನಿನಲ್ಲಿ ಹೆಸ್ಸಿಯನ್ ಬಾಡಿಗೆ ಸೈನಿಕರ ಮೇಲೆ ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಚಿತ್ರ. ನನಗೆ ಕೇಳಿದರೆ ಅವನ ಅತಿದೊಡ್ಡ ಯುದ್ಧ ಯಾರೂ ಚಿತ್ರ ಬರೆಯದ ಇನ್ನೊಂದು. 1777ರಲ್ಲಿ ಇಡೀ ಸೈನ್ಯಕ್ಕೆ ಸಿಡುಬಿನ ಚುಚ್ಚು ಹಾಕಿಸಲು ಹುಕುಂ ಹೊರಡಿಸಿದ. ಹತ್ತೊಂಬತ್ತನೆಯ ವಯಸ್ಸಿಗೆ ಬಾರ್ಬಡೋಸಿನಲ್ಲಿ ಸ್ವತಃ ಸಿಡುಬು ಎದ್ದು ಬದುಕಿದ್ದವನು ಅವನು. ಬ್ರಿಟಿಷರ ಗುಂಡಿಗಿಂತ ಆ ರೋಗ ಹೆಚ್ಚು ಜನರನ್ನು ಮಲಗಿಸುತ್ತದೆ ಎಂದು ಗೊತ್ತಿತ್ತು. ಚುಚ್ಚುಮದ್ದಿನ ಪಟ್ಟಿ ಹಿಡಿದು ತುಕಡಿ ತುಕಡಿಯಾಗಿ ಸೈನಿಕರನ್ನು ಕರೆಸುವ ಕೆಲಸಕ್ಕೆ ಯಾವ ದಿರಿಸೂ ಬೇಡ. ಆದ್ದರಿಂದ ವಾಷಿಂಗ್ಟನ್ ನನ್ನ ಪಕ್ಷ ಎಂದು ವಾದಿಸಿದೆ. "ಎಳೆದೂ ಎಳೆದೂ ತಂದೆ" ಎಂದರು ಭಾವ.

ಯಾರ್ಕ್‌ಟೌನನ್ನು ಇಲ್ಲಿ ಹಾಗೇ ಬಿಟ್ಟು ಮುಂದೆ ಹೋಗಲು ಕನ್ನಡದವನಿಗೆ ಮನಸ್ಸು ಬರುವುದಿಲ್ಲ. 1781ರ ಅಕ್ಟೋಬರ್ 19ರಂದು ಅಲ್ಲಿ ಶರಣಾದವನು ಲಾರ್ಡ್ ಕಾರ್ನ್‌ವಾಲಿಸ್. ಶರಣಾಗತಿಗೆ ತಾನು ಬರಲಿಲ್ಲ, ಮೈಗೆ ಹುಷಾರಿಲ್ಲ ಎಂದು ಹೇಳಿಕಳಿಸಿ ತನ್ನ ಕೈಕೆಳಗಿನ ಓಹಾರಾನ ಕೈಲಿ ಕತ್ತಿ ಕೊಟ್ಟುಕಳಿಸಿದ. ಓಹಾರಾ ಮೊದಲು ಕತ್ತಿಯನ್ನು ಫ್ರೆಂಚ್ ಸೇನಾಪತಿ ರೋಶಾಂಬೋನತ್ತ ಚಾಚಿದ. ಅವನು ವಾಷಿಂಗ್ಟನ್ನನತ್ತ ಕೈತೋರಿಸಿದ. ನಿಮ್ಮ ಕಡೆಯ ಎರಡನೆಯವನು ಬಂದಿದ್ದರೆ ನಮ್ಮ ಕಡೆಯ ಎರಡನೆಯವನಿಗೇ ಕೊಡು ಎಂದು ವಾಷಿಂಗ್ಟನ್ ಬೆಂಜಮಿನ್ ಲಿಂಕನ್ನನನ್ನು ತೋರಿಸಿದ. ಈ ಲಿಂಕನ್ ಹಿಂದಿನ ವರ್ಷ ಚಾರ್ಲ್ಸ್‌ಟನ್ನಿನಲ್ಲಿ ಬ್ರಿಟಿಷರಿಗೆ ಶರಣಾದವನು, ಅಂದರೆ ಬಾಕಿಯೂ ಚುಕ್ತಾ ಆಯಿತು. ಸೋತವನಿಗೆ ನಮ್ಮಲ್ಲಾದರೆ ವಿಚಾರಣೆ, ಅಮಾನತು. ಇಂಗ್ಲೆಂಡಿನಲ್ಲಿ ಅವನಿಗೆ ಬಡ್ತಿ. ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯ ಗೋಡೆ ಒಡೆದು ನುಗ್ಗಿದವನು ಇವನೇ. ಗೋಡೆ ಒಡೆದ ಜಾಗಕ್ಕೆ ಹಾಕಿದ ಕಲ್ಲು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಈಗಲೂ ಇದೆ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದವರೆಗೆ ಹೋಗಿ, ಮಳೆ ಹಿಡಿದು, ಎತ್ತುಗಳು ಸತ್ತು, ಧಾನ್ಯ ಮುಗಿದು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ವಾಪಸು ಬಂದ. ಮರುವರ್ಷ ಮತ್ತೆ ಹೋಗಿ ಟೀಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು ಎಂದು ಬರೆಸಿಕೊಂಡ. ಅಲ್ಲಿ ಸೋತವನು ಇಲ್ಲಿ ಗೆದ್ದ ಎಂಬ ಲೆಕ್ಕದಲ್ಲಿ ವಾಷಿಂಗ್ಟನ್ನನಿಗೆ ಎಷ್ಟು ಮಾರ್ಕು ಎಂದು ಕೇಳಿದರೆ, ಅವನಿಗೆ ಸಮುದ್ರದ ಮೇಲೆ ಫ್ರೆಂಚ್ ನೌಕಾಪಡೆ ಕಾವಲಿತ್ತು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಕಾರ್ನ್‌ವಾಲಿಸ್ ಯಾರ್ಕ್‌ಟೌನಿನ ಮೂಲೆಗೆ ಯಾಕೆ ಹೋಗಿ ಕೂತ ಎನ್ನುವುದನ್ನು ಕೇಳಿದರೆ ನನ್ನ ಅಚ್ಚುಮೆಚ್ಚಿನವನು ಸಿಗುತ್ತಾನೆ: ನಥಾನಿಯಲ್ ಗ್ರೀನ್. ಯುದ್ಧವೇ ಪಾಪ ಎನ್ನುವ ಕ್ವೇಕರ್ ಮನೆಯ ಹುಡುಗ, ಒಂದು ಕಾಲು ಕುಂಟು, ಯುದ್ಧ ಕಲಿತದ್ದು ಪುಸ್ತಕ ಓದಿ. ದಕ್ಷಿಣದ ಸೈನ್ಯವನ್ನು ವಹಿಸಿಕೊಂಡ ಮೇಲೆ ತಾನೇ ಮುಂದೆ ನಿಂತು ನಡೆಸಿದ ಒಂದೂ ದೊಡ್ಡ ಕಾಳಗ ಗೆಲ್ಲಲಿಲ್ಲ ಎಂದೇ ಹೇಳಬೇಕು. ಆದರೆ 1781ರ ಮಾರ್ಚಿನಲ್ಲಿ ಗಿಲ್‌ಫರ್ಡ್ ಕೋರ್ಟ್‌ಹೌಸಿನಲ್ಲಿ ಗೆದ್ದ ಕಾರ್ನ್‌ವಾಲಿಸ್ ತನ್ನ ಸೈನ್ಯದ ಕಾಲುಭಾಗ ಕಳೆದುಕೊಂಡು ಸುಸ್ತಾಗಿ ಸಮುದ್ರದ ಕಡೆ ನಡೆದ. ಇವನು ಹೊಡೆಸಿಕೊಂಡ, ಎದ್ದ, ಮತ್ತೆ ಹೊಡೆಸಿಕೊಂಡ. ಎರಡು ಕೆರೊಲಿನಾಗಳೂ ಜಾರ್ಜಿಯಾವೂ ಕೊನೆಗೆ ಅವನ ಪಾಲಿಗೇ ಬಂದವು. "ಹೊಡೆಸಿಕೊಂಡವನು ಮಹಾ ಸೇನಾಪತಿಯಾ?" ಎಂದು ಭಾವ ನಕ್ಕರು. ಮದುವೆಯಾದ ಯಾವ ಗಂಡಸೂ ನಗಬಾರದ ವಿಷಯ, ಆದರೂ ನಕ್ಕರು.

ಬೆನೆಡಿಕ್ಟ್ ಅರ್ನಾಲ್ಡನನ್ನು ಎಲ್ಲಿ ಇಡುವುದು ಎಂಬುದಕ್ಕೆ ಅಮೆರಿಕನ್ನರೇ ಉತ್ತರ ಕಂಡುಕೊಂಡಿದ್ದಾರೆ. 1777ರಲ್ಲಿ ಸರಟೋಗಾದಲ್ಲಿ ಮುಂದೆ ನಿಂತು ಹೋರಾಡಿ ಕಾಲು ಮುರಿಸಿಕೊಂಡವನು, 1780ರಲ್ಲಿ ವೆಸ್ಟ್‌ಪಾಯಿಂಟ್ ಕೋಟೆಯನ್ನು ಬ್ರಿಟಿಷರಿಗೆ ಮಾರಲು ಹೊರಟವನು. ಸರಟೋಗಾದಲ್ಲಿ ಅವನಿಗೊಂದು ಸ್ಮಾರಕ ಇದೆ, ಅದರ ಮೇಲೆ ಅವನ ಹೆಸರಿಲ್ಲ. ಕೆತ್ತಿರುವುದು ಒಂದು ಬೂಟು. ದೇಶಕ್ಕಾಗಿ ಗಾಯಗೊಂಡ ಕಾಲಿಗೆ ಮಾತ್ರ ಗೌರವ, ಉಳಿದ ದೇಹಕ್ಕಿಲ್ಲ. ಪಟ್ಟಿಯಲ್ಲೂ ಬೂಟಿಗೆ ಒಂದು ಸ್ಥಾನ ಕೊಡೋಣ ಎಂದೆ. ಭಾವ ಅದಕ್ಕೆ ಒಪ್ಪಿದರು.

ಮುಂದಿನವನು ವಿನ್‌ಫೀಲ್ಡ್ ಸ್ಕಾಟ್. ನನ್ನ ಸಿದ್ಧಾಂತದ ದೊಡ್ಡ ಶತ್ರು. ಆಡಂಬರ, ಶಿಸ್ತು, ಟೋಪಿಯಲ್ಲಿ ಗರಿ. ಸೈನಿಕರು ಇಟ್ಟ ಅಡ್ಡಹೆಸರಿನಲ್ಲೇ ಗರಿ ಇತ್ತು. ಇಷ್ಟಾದರೂ 1847ರಲ್ಲಿ ವೆರಾಕ್ರೂಜಿನಲ್ಲಿ ಇಳಿದು, ಆರು ತಿಂಗಳಲ್ಲಿ ಮೆಕ್ಸಿಕೊ ನಗರ ಹಿಡಿದ. ನಡುವೆ ಸಮುದ್ರದ ಕಡೆಯ ಸಂಪರ್ಕವನ್ನೇ ಕೈಬಿಟ್ಟು ಒಳನಾಡಿಗೆ ನುಗ್ಗಿದಾಗ ಇವನ ಕಥೆ ಮುಗಿಯಿತು ಎಂದವರಲ್ಲಿ ವೆಲ್ಲಿಂಗ್ಟನ್ನನೂ ಒಬ್ಬ, ಆಮೇಲೆ ಜೀವಂತ ಇರುವವರಲ್ಲಿ ಇವನೇ ಶ್ರೇಷ್ಠ ಎಂದು ಮಾತು ಬದಲಿಸಿದ ಎಂದು ಹೇಳುತ್ತಾರೆ. ಅಂತರ್ಯುದ್ಧ ಶುರುವಾದ 1861ರಲ್ಲಿ ಸ್ಕಾಟ್ ಕುದುರೆ ಹತ್ತಲಾಗದಷ್ಟು ದಪ್ಪಗಾಗಿದ್ದ. ಆದರೂ ಸಮುದ್ರದ ದಾರಿ ಮುಚ್ಚಿ, ಮಿಸ್ಸಿಸಿಪ್ಪಿ ನದಿ ಹಿಡಿದು ದಕ್ಷಿಣವನ್ನು ನಿಧಾನವಾಗಿ ಹಿಸುಕಬೇಕು ಎಂದು ಅವನು ಕೂತಲ್ಲೇ ಹಾಕಿದ ಯೋಜನೆಯನ್ನು ಪತ್ರಿಕೆಗಳು ಹೆಬ್ಬಾವಿನ ಯೋಜನೆ ಎಂದು ಗೇಲಿ ಮಾಡಿದವು. ಯುದ್ಧ ಕೊನೆಗೆ ಹೆಚ್ಚುಕಡಿಮೆ ಹಾಗೆಯೇ ಮುಗಿಯಿತು. ಸ್ಕಾಟನನ್ನು ಒಳಗೆ ತರಬೇಕಾದರೆ ಗರಿ ಕಿತ್ತು ತರಬೇಕು, ತಂದಿದ್ದೇನೆ.

ಅಂತರ್ಯುದ್ಧಕ್ಕೆ ಬಂದಮೇಲೆ ಭಾವನ ದನಿ ಏರುತ್ತದೆ. ಅವರ ಮನೆಯಿಂದ ಮನಾಸಸ್ ಹತ್ತಿರ. ಅಲ್ಲಿ ವಿಲ್ಮರ್ ಮೆಕ್ಲೀನ್ ಎಂಬವನ ಜಮೀನಿತ್ತು. 1861ರಲ್ಲಿ ಮೊದಲ ದೊಡ್ಡ ಕಾಳಗ ಅವನ ಹೊಲದ ಆಸುಪಾಸಿನಲ್ಲೇ ನಡೆಯಿತು. ಈ ಸಹವಾಸವೇ ಬೇಡ ಎಂದು ಅವನು ದೂರದ ಅಪೊಮ್ಯಾಟಕ್ಸ್ ಎಂಬ ಹಳ್ಳಿಗೆ ಮನೆ ಬದಲಾಯಿಸಿದ. 1865ರ ಏಪ್ರಿಲ್ 9ರಂದು ಶರಣಾಗತಿ ಬರೆಯಲು ಒಂದು ಒಳ್ಳೆಯ ಮನೆ ಬೇಕೆಂದು ಹುಡುಕಿಕೊಂಡು ಬಂದವರು ತಟ್ಟಿದ್ದು ಅವನ ಬಾಗಿಲನ್ನೇ. ಕೆಲಸ ಮುಗಿದ ಮೇಲೆ ಅಧಿಕಾರಿಗಳು ನೆನಪಿಗೆ ಇರಲಿ ಎಂದು ಮೇಜು ಕುರ್ಚಿಗಳನ್ನೂ ಹೊತ್ತುಕೊಂಡು ಹೋದರು.

ಆ ನಡುಮನೆಯಲ್ಲಿ ನನ್ನ ಸಿದ್ಧಾಂತಕ್ಕೆ ಸಿಕ್ಕಷ್ಟು ಪುರಾವೆ ಎಲ್ಲೂ ಸಿಗುವುದಿಲ್ಲ. ಸೋತ ದಕ್ಷಿಣದ ಲೀ ಹೊಸ ಯೂನಿಫಾರ್ಮು, ಸೊಂಟಕ್ಕೆ ಪಟ್ಟಿ, ಚೆಂದದ ಕತ್ತಿ. ವೆಸ್ಟ್‌ಪಾಯಿಂಟಿನಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲದೆ ಎರಡನೇ ರ್‍ಯಾಂಕು ಪಡೆದವನು. ಗೆದ್ದ ಉತ್ತರದ ಗ್ರ್ಯಾಂಟ್ ಸಾಮಾನ್ಯ ಸಿಪಾಯಿಯ ಅಂಗಿ, ಹೆಗಲಿಗೆ ಮಾತ್ರ ಜನರಲ್ಲನ ಪಟ್ಟಿ, ಬೂಟು ಪ್ಯಾಂಟಿಗೆಲ್ಲ ಕೆಸರು, ಕತ್ತಿಯೇ ಇಲ್ಲ. ಸಾಮಾನು ಹಿಂದೆ ಉಳಿದಿತ್ತು, ಬದಲಾಯಿಸಲು ಬಟ್ಟೆಯಿಲ್ಲ. ಹಿಂದಿನ ರಾತ್ರಿಯೆಲ್ಲ ಅರೆತಲೆನೋವಿನಿಂದ ನರಳಿದವನಿಗೆ ಲೀಯ ಚೀಟಿ ಬಂದ ಕ್ಷಣ ನೋವು ಮಾಯವಾಗಿತ್ತಂತೆ. ಷರತ್ತುಗಳನ್ನು ತಾನೇ ಕೂತು ಬರೆದ. ಶುದ್ಧಪ್ರತಿ ಮಾಡಿದವನು ಸೆನೆಕಾ ಬುಡಕಟ್ಟಿನ ಎಲಿ ಪಾರ್ಕರ್. ಸೋತ ಸೈನಿಕರು ತಮ್ಮ ಕುದುರೆ ಕರೆದುಕೊಂಡು ಹೋಗಲಿ, ಬಿತ್ತನೆ ಕಾಲ ಬಂತು ಎಂದು ಬಿಟ್ಟ. ಹಸಿದ ಶತ್ರುಗಳಿಗೆ 25,000 ಜನರ ರೇಷನ್ ಕಳಿಸಿದ.

"ಅವನೊಬ್ಬ ಕಟುಕ. ಕೋಲ್ಡ್ ಹಾರ್ಬರ್ ಮರೆತೆಯಾ?" ಎಂದರು ಭಾವ. ಮರೆತಿಲ್ಲ. 1864ರ ಮೇ, ಜೂನಿನ ಸುಮಾರು ಆರು ವಾರದಲ್ಲಿ ಗ್ರ್ಯಾಂಟನ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ 55,000ದ ಆಸುಪಾಸು. ಕೋಲ್ಡ್ ಹಾರ್ಬರಿನ ಕೊನೆಯ ದಾಳಿಯ ಬಗ್ಗೆ ಅವನೇ ಆತ್ಮಕಥೆಯಲ್ಲಿ ಪಶ್ಚಾತ್ತಾಪಪಟ್ಟಿದ್ದಾನೆ. ಆದರೆ ತನ್ನ ಬಳಿ ಇದ್ದ ಜನಬಲಕ್ಕೆ ಹೋಲಿಸಿದರೆ ಹೆಚ್ಚು ಸುರಿದವನು ಲೀ. ಗೆಟ್ಟಿಸ್‌ಬರ್ಗಿನ ಮೂರನೆಯ ದಿನ ಬಯಲಿನಲ್ಲಿ ಪಿಕೆಟ್‌ನ ಜನರನ್ನು ನಡೆಸಿದ್ದು ಯಾವ ಲೆಕ್ಕ? ಇನ್ನು ಕಟುಕ ಎಂಬ ಮಾತು ಬೇರೆ ಅರ್ಥದಲ್ಲಂತೂ ಗ್ರ್ಯಾಂಟನಿಗೆ ಹೊಂದುವುದೇ ಇಲ್ಲ. ಅಪ್ಪನದು ಚರ್ಮ ಹದಮಾಡುವ ಕೆಲಸ, ಮಗನಿಗೆ ರಕ್ತ ಕಂಡರಾಗದು. ತಟ್ಟೆಯ ಮಾಂಸದಲ್ಲಿ ಕೆಂಪು ಕಂಡರೆ ತಿನ್ನುತ್ತಿರಲಿಲ್ಲ, ಕರಕಲಾಗುವವರೆಗೆ ಸುಡಿಸುತ್ತಿದ್ದ.

ಗ್ರ್ಯಾಂಟನ ಜಾತಕವೇ ಹಾಗೆ. ಹೆಸರೂ ತಪ್ಪು. ಹುಟ್ಟಿದಾಗ ಹೈರಮ್ ಯುಲಿಸಿಸ್, ಶಿಫಾರಸು ಬರೆದ ಸಂಸದ ಯುಲಿಸಿಸ್ ಎಸ್. ಎಂದು ಬರೆದುಬಿಟ್ಟ, ದಾಖಲೆಯಲ್ಲಿ ಇದ್ದದ್ದೇ ಸತ್ಯವಾಯಿತು. ವೆಸ್ಟ್‌ಪಾಯಿಂಟಿನಲ್ಲಿ 39 ಮಂದಿಯಲ್ಲಿ 21ನೆಯವನು. 1854ರಲ್ಲಿ ರಾಜೀನಾಮೆ ಕೊಟ್ಟು, ಬೇಸಾಯ ಮಾಡಿ ಕೈಸುಟ್ಟುಕೊಂಡು, ಕೊನೆಗೆ ಗಲೀನಾ ಊರಿನಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ತಮ್ಮಂದಿರ ಜೊತೆ ಕೂತಿದ್ದ. ಕಿರಾಣಿ ಅಂಗಡಿಯವನು ಅಂದೆನಲ್ಲ, ಇವನೇ. ಅಲ್ಲಿಂದ ಎದ್ದು ಬಂದವನು ಮೂರು ಇಡೀ ಸೈನ್ಯಗಳನ್ನು ಶರಣಾಗಿಸಿದ: 1862ರಲ್ಲಿ ಫೋರ್ಟ್ ಡೊನೆಲ್ಸನ್, 1863ರ ಜುಲೈ 4ಕ್ಕೆ ವಿಕ್ಸ್‌ಬರ್ಗ್, ಕೊನೆಗೆ ಅಪೊಮ್ಯಾಟಕ್ಸ್. ವಿಕ್ಸ್‌ಬರ್ಗನ್ನು ಹಿಡಿಯುವಾಗ ರಾತ್ರಿ ಫಿರಂಗಿಗಳ ಕೆಳಗೇ ಹಡಗು ತೇಲಿಸಿ, ನದಿಯ ಕೆಳಭಾಗದಲ್ಲಿ ದಾಟಿ, ಊರನ್ನು ಹಿಂದಿನಿಂದ ಬಳಸಿ ಬಂದ ಚಾಕಚಕ್ಯತೆ ಭಾವನ ಯಾವ ಹೀರೋಗೂ ಇಲ್ಲ. ಡೊನೆಲ್ಸನ್ ಗೆದ್ದಾಗ ಪತ್ರಿಕೆಗಳಲ್ಲಿ ಅವನ ಬಾಯಲ್ಲಿ ಸಿಗಾರ್ ಇತ್ತು ಎಂದು ಬಂದದ್ದೇ ತಡ, ಅಭಿಮಾನಿಗಳು ಸಾವಿರಾರು ಸಿಗಾರ್ ಕಳಿಸಿದರು. ಬಂದದ್ದನ್ನು ಬಿಸಾಡುವುದು ಹೇಗೆ ಎಂದು ಸೇದಿದ. ಗಂಟಲ ಕ್ಯಾನ್ಸರಿನಿಂದ 1885ರಲ್ಲಿ ಸತ್ತ. ಸಾಯುವ ಮುಂಚೆ, ದಿವಾಳಿಯಾಗಿದ್ದ ಮನೆಯನ್ನು ಎತ್ತಲು ಆತ್ಮಕಥೆ ಬರೆದು ಮುಗಿಸಿದ. ಪ್ರಕಟಿಸಿದವನು ಮಾರ್ಕ್ ಟ್ವೇನ್. ಹೆಂಡತಿಗೆ ನಾಲ್ಕು ಲಕ್ಷ ಡಾಲರಿಗೂ ಮೀರಿ ಬಂತು. ಗೆದ್ದ ಯುದ್ಧಗಳ ಪಟ್ಟಿಗೆ ಇದನ್ನೂ ಸೇರಿಸುತ್ತೇನೆ.

ಲೀಯ ಮಾತು ಬಂದಾಗ ಇನ್ನೊಂದು ತಕರಾರು. ಅಮೆರಿಕದ ಸೈನ್ಯದಲ್ಲಿ ಅವನು ಕರ್ನಲ್ ಆಗಿಯೇ ರಾಜೀನಾಮೆ ಕೊಟ್ಟವನು. ಜನರಲ್ ಆದದ್ದು ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದೇಶದಲ್ಲಿ, ಅಮೆರಿಕದ ವಿರುದ್ಧ. "ಅವನೂ ಅಮೆರಿಕದವನೇ ತಾನೆ?" ಎನ್ನುತ್ತಾರೆ ಭಾವ. ಸರಿ, ಅಮೆರಿಕದ ವಿರುದ್ಧ ಹೋರಾಡಿದ ಅಮೆರಿಕದವರಿಗೂ ಬಾಗಿಲು ತೆರೆಯೋಣ. ಆಗ ಲಕೋಟಾ ನಾಯಕ ರೆಡ್ ಕ್ಲೌಡ್ ಮೊದಲು ಬರಬೇಕು. 1866ರಿಂದ 1868ರವರೆಗೆ ಹೋರಾಡಿ, ಬೋಜ್‌ಮನ್ ದಾರಿಯ ಕೋಟೆಗಳನ್ನು ಅಮೆರಿಕದ ಸೈನ್ಯವೇ ಬಿಟ್ಟುಹೋಗುವಂತೆ ಮಾಡಿದ. ಲೀಗೆ ಆಗದ್ದು ಅವನಿಗೆ ಆಯಿತು. ಒಪ್ಪಂದ ಹೆಚ್ಚು ವರ್ಷ ಬಾಳಲಿಲ್ಲ, ಅದು ಮುರಿದವರ ಕಥೆ. ಯಾವ ಪಟ್ಟಿಯಲ್ಲೂ ಅವನಿಲ್ಲ. ಇದಕ್ಕೆ ಭಾವ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಸಂದಿಯಲ್ಲಿ ಅಕ್ಕ "ಸಾರು ಆರಿಹೋಯ್ತು" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಜಾರ್ಜ್ ಥಾಮಸನೂ ವರ್ಜೀನಿಯಾದವನೇ. ಉತ್ತರದ ಪಕ್ಷದಲ್ಲೇ ಉಳಿದ ತಪ್ಪಿಗೆ ಅಕ್ಕತಂಗಿಯರು ಅವನ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟರಂತೆ. ನಿಧಾನದ ಮನುಷ್ಯ, 1864ರ ಡಿಸೆಂಬರಿನಲ್ಲಿ ನ್ಯಾಶ್‌ವಿಲ್ಲಿನಲ್ಲಿ ಎದುರಿಗಿದ್ದ ಸೈನ್ಯವನ್ನು ಹೆಚ್ಚುಕಡಿಮೆ ಇಲ್ಲವಾಗಿಸಿದ. ನೆನಪಿನ ಪುಸ್ತಕ ಬರೆಯಲಿಲ್ಲ. ಬರೆಯದವನನ್ನು ಪಟ್ಟಿ ಮಾಡುವವರು ಮರೆಯುತ್ತಾರೆ.

ಜಾರ್ಜ್ ಮೆಕ್ಲೆಲನ್ನನದು ತದ್ವಿರುದ್ಧ ಕಥೆ. ಕವಾಯತು ಮಾಡಿಸುವುದರಲ್ಲಿ ಅವನಿಗೆ ಸಾಟಿಯಿಲ್ಲ. ಹುಡುಗ ನೆಪೋಲಿಯನ್ ಎಂದು ಪತ್ರಿಕೆಗಳೇ ಕರೆದವು, ಅವನೂ ನಂಬಿದ. 1861ರ ನವೆಂಬರಿನಲ್ಲೊಂದು ರಾತ್ರಿ ಅಧ್ಯಕ್ಷ ಲಿಂಕನ್ ಅವನ ಮನೆಗೆ ಹೋಗಿ ಹಜಾರದಲ್ಲಿ ಕಾದು ಕೂತ. ಇವನು ಬಂದವನು ಸೀದಾ ಮಹಡಿ ಹತ್ತಿ ಮಲಗಿಬಿಟ್ಟ. ಶತ್ರುವಿನ ಬಳಿ ಎಷ್ಟು ಜನ ಇದ್ದಾರೆ ಎಂದು ಕೇಳಿದರೆ ಇದ್ದದ್ದರ ಎರಡರಷ್ಟು ಹೇಳುತ್ತಿದ್ದ. ದೇವರೇ ಕೈಹಿಡಿದು 1862ರ ಸೆಪ್ಟೆಂಬರಿನಲ್ಲಿ ಲೀಯ ಇಡೀ ಯೋಜನೆಯ ಕಾಗದವನ್ನು ಮೂರು ಸಿಗಾರಿಗೆ ಸುತ್ತಿ ಹುಲ್ಲಿನಲ್ಲಿ ಬಿದ್ದಿರುವಂತೆ ಮಾಡಿದ, ಸಿಪಾಯಿಗಳು ತಂದುಕೊಟ್ಟರು. ಆಗಲೂ ಇವನು ತಡಮಾಡಿದ. ಮುಂದೆ ಆಂಟೀಟಮಿನಲ್ಲಿ ಒಂದೇ ದಿನಕ್ಕೆ ಎರಡೂ ಕಡೆ ಸೇರಿ ಸುಮಾರು 23,000 ಜನ ಸತ್ತು, ಗಾಯಗೊಂಡು, ಕಾಣೆಯಾದರೂ ಲೀ ತಪ್ಪಿಸಿಕೊಂಡ. ಲಿಂಕನ್ ಅವನನ್ನು ತೆಗೆದುಹಾಕಿದ. 1864ರ ಚುನಾವಣೆಯಲ್ಲಿ ಲಿಂಕನ್ನನ ಎದುರೇ ನಿಂತು 212ಕ್ಕೆ 21 ಮತದಿಂದ ಸೋತ. ನೋಡಿದಿರಾ ಭಾವ, ಇಸ್ತ್ರಿ ಬಟ್ಟೆ ಎಂದೆ.

ಉತ್ತರದ ಇನ್ನೊಬ್ಬ ಜನರಲ್ ಶರ್ಮನ್ನನ ವಿಷಯದಲ್ಲಿ ನಾವಿಬ್ಬರೂ ಜಗಳವಾಡಲಿಲ್ಲ. ಜಾರ್ಜಿಯಾದ ರೈಲುಹಳಿಗಳನ್ನು ಕಾಯಿಸಿ ಮರಕ್ಕೆ ಸುತ್ತಿಸಿದವನು, ಸವಾನಾ ಊರನ್ನು ಲಿಂಕನ್ನನಿಗೆ ಕ್ರಿಸ್ಮಸ್ ಉಡುಗೊರೆ ಎಂದು ತಂತಿ ಕಳಿಸಿದವನು. ಮೇಲಿನ ಐದರಲ್ಲಿ ಇರಲಿ ಎಂದು ಇಬ್ಬರೂ ಒಪ್ಪಿದೆವು. ಪರ್ಶಿಂಗನನ್ನು ಎಂಟಕ್ಕೋ ಒಂಬತ್ತಕ್ಕೋ ಹಾಕಿ ಮೊದಲನೇ ಮಹಾಯುದ್ಧ ಮುಗಿಸಿದೆವು.

ಇನ್ನು ಮೆಕಾರ್ಥರ್. ವೆಸ್ಟ್‌ಪಾಯಿಂಟಿನಲ್ಲಿ ಓದುವಾಗ ಅವನ ತಾಯಿ ಪಕ್ಕದ ಹೋಟೆಲಿನಲ್ಲಿ ಕೋಣೆ ಹಿಡಿದು, ಮಗನ ಕಿಟಕಿಯ ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು. 1903ರಲ್ಲಿ ಮಗ ಮೊದಲ ರ್‍ಯಾಂಕು. ಕೋಟಾ ಕಡೆಗೆ ಹೋಗಿ ಮಕ್ಕಳ ಜೊತೆ ಮನೆ ಮಾಡುವ ತಾಯಂದಿರು ಹೊಸಬರೇನಲ್ಲ ಎಂದು ನಮ್ಮವರಿಗೆ ಸಮಾಧಾನ. ಮೊದಲನೇ ಯುದ್ಧದಲ್ಲಿ ಹೆಲ್ಮೆಟ್ ಹಾಕದೆ, ಕುತ್ತಿಗೆಗೆ ಮಫ್ಲರು ಸುತ್ತಿ, ಟೋಪಿಯ ತಂತಿ ಕಿತ್ತು ಸೊಟ್ಟಗೆ ಹಾಕಿಕೊಂಡು ತಿರುಗಿ, 1918ರ ನವೆಂಬರಿನಲ್ಲಿ ಅಮೆರಿಕದ ಸಿಪಾಯಿಗಳೇ ಇವನು ಯಾರೋ ಜರ್ಮನ್ ಅಧಿಕಾರಿ ಎಂದು ಹಿಡಿದುಬಿಟ್ಟರು. ಜಗತ್ತಿನ ಯಾವ ಸಿದ್ಧಾಂತಕ್ಕೂ ಇದಕ್ಕಿಂತ ಸಾಕ್ಷಿ ಬೇಡ. 1941ರಲ್ಲಿ ಪರ್ಲ್ ಹಾರ್ಬರಿನ ಸುದ್ದಿ ಬಂದು ತಾಸುಗಟ್ಟಲೆ ಆದಮೇಲೂ ಫಿಲಿಪ್ಪೀನ್ಸಿನ ಕ್ಲಾರ್ಕ್ ಫೀಲ್ಡಿನಲ್ಲಿ ಅವನ ವಿಮಾನಗಳು ನೆಲದ ಮೇಲೆಯೇ ನಾಶವಾದವು.

"ಇಂಚಾನ್!" ಎಂದು ಕೂಗಿದರು ಭಾವ. ಒಪ್ಪಿದೆ. ಕೊರಿಯಾ ಯುದ್ಧದಲ್ಲಿ, 1950ರ ಸೆಪ್ಟೆಂಬರ್ 15ರಂದು ಮೂವತ್ತು ಅಡಿ ಏರಿಳಿಯುವ ಉಬ್ಬರದ ಬಂದರಿನಲ್ಲಿ, ಎಲ್ಲರೂ ಬೇಡವೆಂದರೂ ಇಳಿದು ಗೆದ್ದ. ಅಲ್ಲಿಗೇ ಸುಮ್ಮನಿದ್ದಿದ್ದರೆ ಪಟ್ಟಿಯ ತುದಿ. ಯಾಲು ನದಿಯ ಕಡೆ ಓಡಿದ, ಚೀನೀಯರು ಬರುವುದಿಲ್ಲ ಎಂದ, ಅವರು ಬಂದರು. 1951ರ ಏಪ್ರಿಲ್ 11ಕ್ಕೆ ಟ್ರೂಮನ್ ಮನೆಗೆ ಕಳಿಸಿದ. ಕುಸಿದಿದ್ದ ಸೈನ್ಯವನ್ನು ಅಷ್ಟರಲ್ಲಿ ಮ್ಯಾಥ್ಯೂ ರಿಡ್ಜ್‌ವೇ ಎತ್ತಿ ನಿಲ್ಲಿಸಿದ್ದ. 1950ರ ಕ್ರಿಸ್ಮಸ್ ವೇಳೆಗೆ ಬಂದವನು ಮಾರ್ಚಿಗೆಲ್ಲ ಸೋಲ್ ನಗರ ಮರಳಿ ಹಿಡಿದಿದ್ದ. "ಅವನೂ ಎದೆಗೆ ಗ್ರೆನೇಡ್ ನೇತುಹಾಕಿಕೊಳ್ತಿದ್ದನಲ್ಲಯ್ಯಾ, ನಿನ್ನ ಸಿದ್ಧಾಂತ ಎಲ್ಲಿ ಹೋಯ್ತು?" ಎಂದು ಭಾವ ಹಿಡಿದರು. ಒಂದು ಕಡೆ ಗ್ರೆನೇಡು ನಿಜ, ಇನ್ನೊಂದು ಕಡೆ ಇದ್ದದ್ದು ಪ್ರಥಮ ಚಿಕಿತ್ಸೆಯ ಪೊಟ್ಟಣ. ಬ್ಯಾಂಡೇಜಿಗೆ ಅರ್ಧ ಮಾರ್ಕು ಕೊಡಿಸಿದೆ.

ಪ್ಯಾಟನ್ ಬಗ್ಗೆ ಭಾವನ ಭಕ್ತಿಗೆ 1970ರ ಸಿನಿಮಾ ಕಾರಣ. ದಂತದ ಹಿಡಿಯ ಪಿಸ್ತೂಲು, ಹೊಳೆಯುವ ಹೆಲ್ಮೆಟ್ಟು, ಟ್ಯಾಂಕಿನವರಿಗೆಂದು ತಾನೇ ರೂಪಿಸಿದ ಹಸಿರು ಬಟ್ಟೆ. ಆ ಬಟ್ಟೆಯನ್ನು ಸೈನ್ಯ ತಿರಸ್ಕರಿಸಿತು. ಪೂರ್ವಜನ್ಮಗಳಲ್ಲೂ ತಾನು ಯೋಧನೇ ಆಗಿದ್ದೆ ಎಂದು ಗಟ್ಟಿಯಾಗಿ ನಂಬಿದ್ದವನು, ಈ ಒಂದು ವಿಷಯದಲ್ಲಿ ನಮ್ಮವನೇ. 1943ರ ಆಗಸ್ಟಿನಲ್ಲಿ ಸಿಸಿಲಿಯ ಆಸ್ಪತ್ರೆಗಳಲ್ಲಿ ಮನಸ್ಸು ಕೆಟ್ಟು ಮಲಗಿದ್ದ ಇಬ್ಬರು ಸಿಪಾಯಿಗಳ ಕೆನ್ನೆಗೆ ಬಾರಿಸಿದ. ಐಸೆನ್‌ಹೋವರ್ ಕ್ಷಮೆ ಕೇಳಿಸಿದ. ಆಮೇಲೆ ಮಿತ್ರಪಡೆಗಳು ಪ್ಯಾಟನ್ನನನ್ನು ಉಪಯೋಗಿಸಿಕೊಂಡ ರೀತಿಗೆ ನಾನು ಕೈಮುಗಿಯುತ್ತೇನೆ: 1944ರಲ್ಲಿ ನಾರ್ಮಂಡಿ ದಾಳಿಗೆ ಮುಂಚೆ, ಇಲ್ಲವೇ ಇಲ್ಲದ ಒಂದು ಸೈನ್ಯಕ್ಕೆ ಅವನನ್ನು ಮುಖ್ಯಸ್ಥ ಮಾಡಿದರು. ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳು, ಸುಳ್ಳು ರೇಡಿಯೊ ಸಂದೇಶಗಳು, ನಡುವೆ ಪೂರ್ತಿ ದಿರಿಸಿನಲ್ಲಿ ಪ್ಯಾಟನ್. ಇಂಥ ಹೀರೋ ಇಲ್ಲಿದ್ದಾನೆ ಎಂದರೆ ದಾಳಿ ಕಲೇ ಕಡೆಗೇ ಎಂದು ಜರ್ಮನ್ನರು ನಂಬಿದರು. ಡಿಸೆಂಬರಿನಲ್ಲಿ ಬಾಸ್ಟೋನ್ ಊರನ್ನು ಬಿಡಿಸಲು ಇಡೀ ಸೈನ್ಯವನ್ನು ಉತ್ತರಕ್ಕೆ ತಿರುಗಿಸಿದ್ದು ಮಾತ್ರ ನಿಜವಾದ ಮಹತ್ತು. ಅದೂ ಸಾಧ್ಯವಾದದ್ದು ಸಭೆಗೆ ಮೊದಲೇ ಅವನ ಸಿಬ್ಬಂದಿ ಮೂರು ಯೋಜನೆ ಬರೆದಿಟ್ಟಿದ್ದರಿಂದ. ಗುಮಾಸ್ತರು, ಭಾವ, ಗುಮಾಸ್ತರು.

ಗುಮಾಸ್ತರ ಗುರು ಮಾರ್ಷಲ್. ಅವನು ಸೇನಾ ಮುಖ್ಯಸ್ಥನಾಗಿ ಪ್ರಮಾಣ ತೆಗೆದುಕೊಂಡದ್ದು 1939ರ ಸೆಪ್ಟೆಂಬರ್ 1, ಹಿಟ್ಲರ್ ಪೋಲೆಂಡಿಗೆ ನುಗ್ಗಿದ ದಿನ. ಆಗ ಅಮೆರಿಕದ ಖಾಯಂ ಸೈನ್ಯ ಎರಡು ಲಕ್ಷವೂ ಇರಲಿಲ್ಲ. ಯುದ್ಧ ಮುಗಿಯುವಾಗ 80 ಲಕ್ಷ ದಾಟಿತ್ತು. ಮದುವೆಮನೆಯಲ್ಲಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡಪ್ಪ ಇರುತ್ತಾರಲ್ಲ, ಯಾವ ಫೋಟೊದಲ್ಲೂ ಬೀಳದವರು, ಹಾಗೆ. ನಾರ್ಮಂಡಿಯ ನಾಯಕತ್ವ ಅವನಿಗೇ ಸಿಗಬೇಕಿತ್ತು. ಆದರೆ ಮಾರ್ಷಲ್ ವಾಷಿಂಗ್ಟನ್ನಿನಲ್ಲಿ ಇಲ್ಲದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದು ರೂಸ್‌ವೆಲ್ಟ್ ಹೇಳಿದನಂತೆ, ಕೀರ್ತಿ ಐಸೆನ್‌ಹೋವರನಿಗೆ ಹೋಯಿತು. ಬೇಕು ಎಂದು ಬಾಯಿಬಿಟ್ಟಿದ್ದರೆ ಸಿಗುತ್ತಿತ್ತು, ಇವನು ಕೇಳಲಿಲ್ಲ. ಆತ್ಮಕಥೆ ಬರೆಯಲೂ ಒಲ್ಲೆ ಎಂದ. 1953ರಲ್ಲಿ ಶಾಂತಿಗಾಗಿ ನೊಬೆಲ್ ಬಂತು. ಐಸೆನ್‌ಹೋವರನನ್ನೂ ನಾನು ಬಿಟ್ಟುಕೊಡುವುದಿಲ್ಲ. ದಾಳಿಯ ಹಿಂದಿನ ದಿನ, ಸೋತರೆ ತಪ್ಪೆಲ್ಲ ನನ್ನೊಬ್ಬನದು ಎಂದು ಚೀಟಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದ. ಗಾಬರಿಯಲ್ಲಿ ಜೂನ್ ಬದಲು ಜುಲೈ ಎಂದು ತಾರೀಖು ಹಾಕಿದ್ದ.

ಹೀಗೆ ನನ್ನ ಪಟ್ಟಿ: ಗ್ರ್ಯಾಂಟ್, ಮಾರ್ಷಲ್, ಆಮೇಲೆ ವಾಷಿಂಗ್ಟನ್, ಗ್ರೀನ್, ಶರ್ಮನ್. "ಮೂರನೆಯ ಸ್ಥಾನಕ್ಕೆ ಹಾಕೋಕೆ ನಿನಗೆ ಅಧಿಕಾರವಿಲ್ಲ" ಎಂದರು ಭಾವ. ಅದು ನಿಜ. 1976ರಲ್ಲಿ ಸಂಸತ್ತು ಕಾನೂನು ಮಾಡಿ, ಸತ್ತು ಸುಮಾರು 177 ವರ್ಷವಾದ ವಾಷಿಂಗ್ಟನ್ನನಿಗೆ ಎಲ್ಲ ಸೈನ್ಯಗಳ ಜನರಲ್ ಎಂಬ ಬಡ್ತಿ ಕೊಟ್ಟಿದೆ, ಹಿಂದಿನ ಮುಂದಿನ ಯಾರೂ ಅವನಿಗಿಂತ ಮೇಲಲ್ಲ ಎಂದೂ ಬರೆದಿದೆ. ನಮ್ಮ ಸಚಿವಾಲಯಗಳಲ್ಲಿ ಕೂಡ ಇಷ್ಟು ತಡವಾಗಿ ಬಡ್ತಿ ಬಂದದ್ದನ್ನು ಕೇಳಿಲ್ಲ. 2022ರಲ್ಲಿ ಗ್ರ್ಯಾಂಟನಿಗೂ ಅದೇ ದರ್ಜೆ ಕೊಡಬಹುದು ಎಂದು ಸಂಸತ್ತು ಅನುಮತಿ ಕೊಟ್ಟಿತು.

"ಕಟ್ಟಕಡೆಯವನು ಯಾರು?" ಎಂದು ಭಾವ ಕೇಳಿದಾಗ ಮೊದಲ ಸಲ ಇಬ್ಬರ ಬಾಯಲ್ಲೂ ಒಂದೇ ಹೆಸರು ಬಂತು: ಬ್ರ್ಯಾಕ್ಸ್‌ಟನ್ ಬ್ರ್ಯಾಗ್, ದಕ್ಷಿಣದವನು. ಭಾವನಿಗೆ ಅದರಲ್ಲಿ ನನ್ನನ್ನು ಕುಟುಕುವ ಉದ್ದೇಶವೂ ಇತ್ತು. ಯಾಕೆಂದರೆ ಬ್ರ್ಯಾಗ್ ಶುದ್ಧ ಕಾಗದಪತ್ರದ ಮನುಷ್ಯ. ಹಳೆಯ ಸೈನ್ಯದಲ್ಲಿ ಕೇಳಿದ ಕಥೆ ಎಂದು ಗ್ರ್ಯಾಂಟನೇ ಬರೆದಿದ್ದಾನೆ. ಒಂದು ಠಾಣ್ಯದಲ್ಲಿ ಬ್ರ್ಯಾಗ್ ಒಂದು ತುಕಡಿಯ ಮುಖ್ಯಸ್ಥ, ಜೊತೆಗೆ ಉಗ್ರಾಣದ ಅಧಿಕಾರಿಯ ಪ್ರಭಾರವೂ ಅವನದೇ. ತುಕಡಿಯ ಪರವಾಗಿ ತಾನೇ ಇಂಡೆಂಟ್ ಬರೆದ, ಉಗ್ರಾಣದ ಪರವಾಗಿ ತಾನೇ ಕೊಡಲಾಗದು ಎಂದು ಷರಾ ಹಾಕಿದ. ಮತ್ತೆ ತುಕಡಿಯ ಪರವಾಗಿ ವಾದಿಸಿ ಬರೆದ, ಮತ್ತೆ ನಿರಾಕರಿಸಿದ, ಕೊನೆಗೆ ಇಡೀ ಕಡತವನ್ನು ಮೇಲಧಿಕಾರಿಗೆ ಕಳಿಸಿದ. ಎಲ್ಲರ ಜೊತೆಗೂ ಜಗಳವಾಡಿ ಮುಗಿಸಿ ಈಗ ನಿನ್ನ ಜೊತೆಗೇ ಶುರುಮಾಡಿದೆಯಾ ಎಂದು ಆತ ತಲೆ ಚಚ್ಚಿಕೊಂಡನಂತೆ. 1863ರ ನವೆಂಬರಿನಲ್ಲಿ ಚಟ್ಟನೂಗಾದ ಗುಡ್ಡದ ಮೇಲೆ ಬ್ರ್ಯಾಗ್ ಇದ್ದ, ಕೆಳಗೆ ಗ್ರ್ಯಾಂಟ್ ದುರ್ಬೀನು ಹಿಡಿದು ನಿಂತಿದ್ದ. ಬುಡದ ಕಂದಕ ಹಿಡಿಯಿರಿ ಎಂದಷ್ಟೇ ಗ್ರ್ಯಾಂಟ್ ಹೇಳಿದ್ದು. ಸಿಪಾಯಿಗಳು ಹಿಡಿದರು, ಅಲ್ಲಿ ನಿಂತರೆ ಮೇಲಿನಿಂದ ಗುಂಡು ಬೀಳುತ್ತದೆ ಎಂದು ಯಾರ ಅಪ್ಪಣೆಗೂ ಕಾಯದೆ ಗುಡ್ಡ ಹತ್ತಿದರು. ಯಾರಪ್ಪಾ ಹತ್ತಲು ಹೇಳಿದ್ದು ಎಂದು ಜನರಲ್‌ಗಳು ಒಬ್ಬರನ್ನೊಬ್ಬರು ಕೇಳುವಷ್ಟರಲ್ಲಿ ಬ್ರ್ಯಾಗ್‌ನ ಸೈನ್ಯ ಆಚೆ ಬದಿ ಇಳಿದು ಓಡುತ್ತಿತ್ತು.

ಇಂಥವನ ಹೆಸರನ್ನು 1918ರಲ್ಲಿ ಉತ್ತರ ಕೆರೊಲಿನಾದ ಒಂದು ಸೇನಾ ಶಿಬಿರಕ್ಕೆ ಇಟ್ಟರು. ಅದು ಬೆಳೆದು ದೇಶದ ಅತಿದೊಡ್ಡ ಸೇನಾನೆಲೆಗಳಲ್ಲಿ ಒಂದಾಯಿತು. 2023ರಲ್ಲಿ, ಬಂಡಾಯದವರ ಹೆಸರು ಬೇಡವೆಂದು ತೆಗೆದು ಫೋರ್ಟ್ ಲಿಬರ್ಟಿ ಎಂದರು. 2025ರಲ್ಲಿ ಮತ್ತೆ ಫೋರ್ಟ್ ಬ್ರ್ಯಾಗ್ ಎಂದರು. ಬಂಡಾಯದವರ ಹೆಸರಿಡಲು ಕಾನೂನು ಅಡ್ಡ ಬರುತ್ತದಲ್ಲ? ಅದಕ್ಕೆ ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಸಿಲ್ವರ್ ಸ್ಟಾರ್ ಪಡೆದ ರೋಲಂಡ್ ಬ್ರ್ಯಾಗ್ ಎಂಬ ಒಬ್ಬ ಸಿಪಾಯಿಯನ್ನು ದಾಖಲೆಯಿಂದ ಹುಡುಕಿ ತಂದು, ಇದು ಇವನ ಹೆಸರು ಎಂದು ಆದೇಶ ಹೊರಡಿಸಿದರು.

"ಅಂದರೆ ಈಗ ಆ ಬ್ರ್ಯಾಗ್ ಕೆಳಗೆ, ಈ ಬ್ರ್ಯಾಗ್ ಮೇಲೆ" ಎಂದೆ. "ಸಿಪಾಯಿಗಳನ್ನೂ ಪಟ್ಟಿಗೆ ಸೇರಿಸೋದಾದರೆ ಇವತ್ತಿಗೆ ಮುಗಿಯಲ್ಲ ಕಣಯ್ಯಾ" ಎಂದು ಭಾವ ಎದ್ದರು. ಸಾರನ್ನು ಅಕ್ಕ ಮತ್ತೆ ಬಿಸಿಮಾಡುವುದಿಲ್ಲ ಎಂದು ಘೋಷಿಸಿ ಆಗಿತ್ತು.